ಹಳೇ ಧೋತರದಲ್ಲೊಂದು ಎತ್ತು, ನಾಲ್ಕೂ ಕಾಲ ಮೇಲೆ ನಿಲ್ಲುವಂಥದ್ದು

ಮಣ್ಣೆತ್ತಿನ ಅಮವಾಸ್ಯೆಗೆ ಬೆಟಗೇರಿಯ ನಮ್ಮ ಮನೆಯಲ್ಲಿ ಕರಿಮಣ್ಣಿನ ಜೋಡೆತ್ತು ಮಾಡಿ, ಮುಂದೊಂದು ಗೋದಲಿ ಇಟ್ಟು ಪೂಜೆ ಮಾಡುತ್ತೇವೆ. ಒಂದು ವರ್ಷ ಪೂಜೆ ಮುಗಿಯುತ್ತಲೇ ಮೊಮ್ಮಗಳು ಎತ್ತನ್ನು ಆಟಕ್ಕೆ ತಗೊಂಡಳು. ಕೋಡು ಮುರಿಯಿತು, ಅಳು ಶುರುವಾಯಿತು. ಅವತ್ತೇ ಬಟ್ಟೆಯ ಎತ್ತು ಹೊಲಿಯಲು ಕೂತೆ. ಎರಡೇ ತುಂಡು ಜೋಡಿಸಿ ಹತ್ತಿ ತುಂಬಿದೆ. "ಆಯಿ, ಇದು ನಿಂದ್ರವಲ್ದು" ಅಂದಳು. ಎತ್ತು ಅಂದ ಮೇಲೆ ನಿಲ್ಲಬೇಕು, ಅಲ್ವಾ? ಅದಕ್ಕೆ ಬೇಕಾದ್ದು ಹೊಟ್ಟೆಯ ತುಂಡು.

ಕಿಲಾರಿ ಎತ್ತಿನ ಬಿಳುಪಿಗೆ ಹಳೇ ಧೋತರಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ತೊಳೆದು ತೊಳೆದು ಮೆತ್ತಗಾಗಿರುತ್ತದೆ, ಇನ್ನು ಕುಗ್ಗುವುದಿಲ್ಲ. ಆದರೆ ತೆಳು. ಎರಡು ಪದರ ಮಾಡಿಕೊಳ್ಳಿ.

ಪೇಪರಿನ ಮೇಲೆ ಎತ್ತಿನ ಪಕ್ಕದ ಆಕಾರ ಬರೆಯಿರಿ. ಉದ್ದ 9 ಇಂಚು, ಎತ್ತರ 7 ಇಂಚು ಸಾಕು. ಡುಬ್ಬ ಮರೆಯಬೇಡಿ. ಕಾಲು 2 ಇಂಚು ಅಗಲ ಇರಲಿ. ಸಣ್ಣ ಮಾಡಿದರೆ ಒಳಗನ್ನು ಹೊರಗೆ ತಿರುವಲು ಬರುವುದಿಲ್ಲ. ಈ ಆಕಾರದ ಎರಡು ತುಂಡು, ಒಂದು ಬಲಕ್ಕೆ, ಒಂದು ಎಡಕ್ಕೆ. ಈಗ ಅದೇ ಪೇಪರಿನಲ್ಲಿ ಎರಡು ಕಾಲು, ಅವುಗಳ ಮೇಲೆ ಒಂದು ಇಂಚು ಹೊಟ್ಟೆ, ಅಷ್ಟನ್ನೇ ಗುರುತು ಮಾಡಿ ಇನ್ನೆರಡು ತುಂಡು ಕತ್ತರಿಸಿ. ಹೊಟ್ಟೆ ಜಾಸ್ತಿ ಬಿಟ್ಟರೆ ಕಾಲು ಅಗಲಕ್ಕೆ ಚಾಚಿ ಎತ್ತು ಕೂತುಬಿಡುತ್ತದೆ. ಎಲ್ಲಾ ತುಂಡಿಗೂ ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಡಿ.

ಮೊದಲು ಹೊಟ್ಟೆಯ ಎರಡು ತುಂಡನ್ನು ಮೇಲಂಚಿನಲ್ಲಿ ಸೇರಿಸಿ, ನಡುವೆ 3 ಇಂಚು ಹೊಲಿಯದೆ ಬಿಡಿ. ಆಮೇಲೆ ಒಂದೊಂದು ಕಡೆಯ ಕಾಲನ್ನು ಅದರದರ ಪಕ್ಕದ ತುಂಡಿಗೆ ಹೊಲಿಯಿರಿ. ಕೊನೆಗೆ ಎದೆಯಿಂದ ಮುಖ, ಡುಬ್ಬ, ಬೆನ್ನು ಹಾದು ಬಾಲದವರೆಗೆ. ಕಿವಿ, ಬಾಲ ಹೊಲಿಗೆಯೊಳಗೇ ಸೇರಿಸಿಬಿಡಿ.

ನನಗೆ ಕೌದಿ ಹೊಲಿದು ಕೈ ಪಳಗಿದೆ, ಆದರೂ ಆ ಓಟದ ಹೊಲಿಗೆ ಇಲ್ಲಿ ಬೇಡ. ತುಂಬುವಾಗ ಎಳೆ ಬಾಯಿಬಿಟ್ಟು ಹತ್ತಿ ಇಣುಕುತ್ತದೆ. ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಚುಚ್ಚುವ ಹೊಲಿಗೆ ಹಾಕಿ, ಅಕ್ಕಿಕಾಳಿಗಿಂತ ಸಣ್ಣದಾಗಿ. ಕತ್ತು, ಕಾಲಸಂದಿಯಲ್ಲಿ ಅಂಚಿಗೆ ಕಚ್ಚು ಹಾಕಿ, ದಾರಕ್ಕೆ ತಾಗದಂತೆ. ಆಮೇಲೆ ತಿರುವಿ.

ತುಂಬುವುದಕ್ಕೆ ಪುರುಸೊತ್ತು ಬೇಕು. ಗಾದಿ ಅಂಗಡಿಯಲ್ಲಿ ಹಿಂಜಿದ ಹತ್ತಿ ಸಿಗುತ್ತದೆ, ಕೈಗೆ ಎಷ್ಟು ಹಿತ! ಆದರೆ ಒಗೆದರೆ ಗಂಟುಗಟ್ಟುತ್ತದೆ, ಬೇಗ ಒಣಗುವುದಿಲ್ಲ. ಮಗು ಬಾಯಿಗೆ ಹಾಕುವ ವಯಸ್ಸಿನದಾದರೆ ದಿಂಬಿಗೆ ಹಾಕುವ ಪಾಲಿಯೆಸ್ಟರ್ ಹತ್ತಿಯೇ ಸರಿ. ನೆಲ್ಲಿಕಾಯಿ ಗಾತ್ರದಷ್ಟು ಹರಿದುಕೊಂಡು, ಪೆನ್ಸಿಲ್ಲಿನ ಮೊಂಡು ತುದಿಯಿಂದ ಮೊದಲು ಗೊರಸಿಗೆ ದೂಡಿ. ನಾಲ್ಕೂ ಕಾಲು ಗಟ್ಟಿಯಾಗಬೇಕು, ಒತ್ತಿದರೆ ಬಾಗಬಾರದು. ನಂತರ ಮೂತಿ, ಡುಬ್ಬ. ಹೊಟ್ಟೆ ಕೊನೆಗೆ, ಸ್ವಲ್ಪ ಸಡಿಲ. ಹೊಟ್ಟೆಯಲ್ಲಿ ಹೊಲಿಯದೆ ಬಿಟ್ಟ ಜಾಗ ಮುಚ್ಚುವ ಮೊದಲು ಟೇಬಲ್ ಮೇಲೆ ನಿಲ್ಲಿಸಿ ನೋಡಿ. ಯಾವ ಕಡೆ ವಾಲುತ್ತದೋ ಆ ಕಾಲಿಗೆ ಇನ್ನೊಂದು ಚೂರು ತುಂಬಿ.

ಕಣ್ಣಿಗೆ ಗುಂಡಿ ಬೇಡವೇ ಬೇಡ. ನಾನು ಮೊದಲು ಹಾಕಿದ್ದ ಗುಂಡಿ ಎರಡು ವಾರಕ್ಕೆ ಕಿತ್ತು ಬಂದಿತ್ತು, ಅವಳ ಮುಷ್ಟಿಯಲ್ಲಿ ಸಿಕ್ಕಿದ್ದು ನಮ್ಮ ಪುಣ್ಯ. ಈಗ ಕರಿ ದಾರದಲ್ಲೇ ಕಸೂತಿ ಮಾಡುತ್ತೇನೆ. ಕೋಡಿಗೆ ಕರಿ ಬಟ್ಟೆಯ ಮುಕ್ಕೋನ ತುಂಡನ್ನು ಬಿಗಿಯಾಗಿ ಸುರುಳಿ ಸುತ್ತಿ, ಬುಡವನ್ನು ತಲೆಗೆ ಎರಡು ಸುತ್ತು ಹೊಲಿಯಿರಿ. ಗೆಜ್ಜೆಯನ್ನೂ ಹಾಕಬೇಡಿ, ಕೆಂಪು ದಾರದ ಕೊರಳಪಟ್ಟಿ ಸಾಕು.

ಬೆನ್ನಿಗೆ ಝೂಲ, ಅಂದರೆ ಹೊದಿಸುವ ಬಟ್ಟೆ, ಇಲ್ಲದಿದ್ದರೆ ಹೇಗೆ? ಹಳೇ ಕುಪ್ಪಸದ ಗುಳೇದಗುಡ್ಡ ಖಣ ಇದ್ದರೆ ಹಾಕಿ. ಖಣದ ಎಳೆ ಬೇಗ ಬಿಚ್ಚುತ್ತದೆ, ಅಂಚು ಎರಡು ಮಡಿಕೆ ಮಡಚಿ. ಅದರ ಬಣ್ಣ ಬಿಳಿ ಧೋತರಕ್ಕೆ ಇಳಿಯದಂತೆ ಮೊದಲೇ ನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಜಾಲಿಸಿ.

ಪೇಪರಿನ ಅಳತೆ ಎಸೆಯಬೇಡಿ. ಒಂಟಿ ಎತ್ತಿಗೆ ಬಂಡಿ ಹೂಡಲು ಬರುವುದಿಲ್ಲ, ಮರುದಿನವೇ ಇನ್ನೊಂದನ್ನು ಕೇಳುತ್ತಾರೆ.