ಊರು ಕೇಳಿದೆ, ಗುಳೆ ಕೇಳಲಿಲ್ಲ

ಯಾದಗಿರಿ ಜಿಲ್ಲೆಯಲ್ಲಿ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಹತೋಟಿಯಲ್ಲಿಡುವ ಮಾತ್ರೆ ಕೊಡುವ ಕಡೆ, ಆಪ್ತ ಸಮಾಲೋಚಕಿಯಾಗಿದ್ದಾಗ ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಎಚ್‌ಐವಿ ಇರುವವರಲ್ಲಿ ಯಾರು ವಾರ್ಡಿಗೆ ಸೇರಿದರು, ಯಾರು ತೀರಿಕೊಂಡರು ಅಂತ ಅದರಲ್ಲಿ ಬರೆದಿಡುತ್ತಿದ್ದೆ. ಹೆಸರಿಲ್ಲ, ನಾನೇ ಕೊಟ್ಟ ಒಂದು ನಂಬರ್ ಅಷ್ಟೇ. ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಹೊರಗೆ ಹೋಗಬಾರದು ಅಂತ 2017ರ ಕಾಯ್ದೆಯೇ ಇದೆ. ಅದಿರಲಿ, ಸಣ್ಣ ಊರಲ್ಲಿ ನೋಟ್‌ಬುಕ್ ಯಾರ ಕೈಗೆ ಸಿಗುತ್ತದೋ ಹೇಳಕ್ಕಾಗಲ್ಲ, ಅಲ್ವಾ?

ಮೊದಲು ಊರಿನ ಕಾಲಂ ನೋಡಿ ಜಿಲ್ಲೆಯ ನಕ್ಷೆ ಮೇಲೆ ಚುಕ್ಕಿ ಇಟ್ಟೆ. ಯಾದಗಿರಿ ಸುತ್ತ ದಟ್ಟ, ಹುಣಸಗಿ ಕಡೆ ಖಾಲಿ. ಅಲ್ಲಿ ಕಾಯಿಲೆ ಕಡಿಮೆ ಅಂತ ಖುಷಿಪಟ್ಟೆ. ಎಂಥ ದಡ್ಡತನ! ಹತ್ತಿರದವರು ಬಂದು ಅಡ್ಮಿಟ್ ಆಗುತ್ತಿದ್ದರು. ದೂರದವರು ಬೇರೆ ಜಿಲ್ಲೆಯ ಆಸ್ಪತ್ರೆಗೆ ಹೋಗುತ್ತಿದ್ದರು, ಇಲ್ಲವೇ ಮನೆಯಲ್ಲೇ ತೀರಿಕೊಳ್ಳುತ್ತಿದ್ದರು. ಸುಮ್ನೆ ಬಸ್ಸಿನ ದಾರಿಗೆ ಚುಕ್ಕಿ ಇಟ್ಟಿದ್ದೆ.

ಸಾವಿನ ಕಾರಣ ನೋಡಿದರೆ ಟಿಬಿ, ಟಿಬಿ, ಮತ್ತೆ ಟಿಬಿ. ನಡುನಡುವೆ ತಲೆನೋವು ಅಂತ ಬಂದು ಮೆದುಳಿನ ಪೊರೆಯ ಸೋಂಕಿನಿಂದ ಹೋದವರು. ಜಗತ್ತಿನಲ್ಲೇ ಎಚ್‌ಐವಿ ಇರುವವರನ್ನು ಜಾಸ್ತಿ ಕೊಲ್ಲುವುದು ಟಿಬಿ. ಯುರೋಪ್, ಅಮೆರಿಕದ ಕಡೆ ಮಾತ್ರೆ ತಪ್ಪಿಸದೆ ವಯಸ್ಸಾದವರು ಈಗ ಹೃದಯ, ಲಿವರ್, ಕ್ಯಾನ್ಸರ್ ಅಂತಲೂ ಆಸ್ಪತ್ರೆ ಸೇರುತ್ತಾರೆ. ನಮ್ಮ ದೇಶದಲ್ಲೂ 2004ರಿಂದ ಮಾತ್ರೆ ಪುಕ್ಕಟೆ. 2017ರಿಂದ ಮಾತ್ರೆ ಶುರು ಮಾಡಲು ಸಿಡಿ4, ಅಂದರೆ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಕಣಗಳ ಲೆಕ್ಕ, ಇಳಿಯಲಿ ಅಂತ ಕಾಯುವುದೂ ಇಲ್ಲ. ಆದರೂ ಸಿಡಿ4 200ಕ್ಕಿಂತ ಕೆಳಗೆ ಇಳಿದ ಮೇಲೇ ಬರುತ್ತಾರಲ್ಲ, ಯಾಕೆ?

ಒಂದು ಜೂನ್‌ನಲ್ಲಿ ಗಾರೆ ಕೆಲಸದ ಹುಡುಗನೊಬ್ಬನನ್ನು ಹೆಂಡತಿ ತೋಳು ಹಿಡಿದು ಕರೆತಂದಳು.

“ಗುಳಿಗಿ ಯಾವಾಗ ಬಿಟ್ಟಿ ತಮ್ಮಾ?”

“ಬಿಟ್ಟಿಲ್ರಿ ಅಕ್ಕೋರೆ, ಮುಗದಾವ. ಪುಣೆದಾಗ ಒಂದ ಶೆಡ್‌ನ್ಯಾಗ ಎಂಟು ಮಂದಿ ಇರ್ತೀವಿ. ಡಬ್ಬಿ ಎಲ್ಲಿ ಇಡ್ಲಿ?”

ಅವತ್ತೇ ಗೀಟೆಳೆದು ಹೊಸ ಕಾಲಂ ಮಾಡಿದೆ: ಕಳೆದ ಆರು ತಿಂಗಳು ಎಲ್ಲಿದ್ದರು? ಹಳೆಯ ಪುಟಗಳಿಗೂ, ವಿಷಯ ಮೊದಲೇ ಗೊತ್ತಿದ್ದ ಮನೆಯವರನ್ನಷ್ಟೇ ಕೇಳಿ ತುಂಬಿದೆ. ಬೆಂಗಳೂರು, ಪುಣೆ, ಮುಂಬೈ. ತೊಗರಿ ರಾಶಿ ಮುಗಿಸಿ ಗುಳೆ ಹೋದವರು ಮುಂಗಾರಿಗೆ ವಾಪಸ್ ಬಂದು ವಾರ್ಡ್ ಸೇರುತ್ತಿದ್ದರು. ಮಾತ್ರೆ ತಪ್ಪಿದ್ದು ಅಲ್ಲಿ, ಸಾವು ನಮ್ಮ ಜಿಲ್ಲೆಯ ಲೆಕ್ಕಕ್ಕೆ.

ಆಮೇಲೆ ಸಂಕ್ರಾಂತಿಗೂ ಮೊದಲೇ “ಎಲ್ಲಿಗೆ ಹೊಂಟೀರಿ?” ಅಂತ ಕೇಳತೊಡಗಿದೆ. ಹೋದ ಊರಿನ ಎಆರ್‌ಟಿ ಕೇಂದ್ರಕ್ಕೆ ಹೆಸರು ವರ್ಗ ಮಾಡಿಸಬಹುದು. ಬಹಳ ಜನ ಒಲ್ಲೆ ಅಂದರು. ಗುರುತಿಲ್ಲದ ಊರಲ್ಲಿ ಕೂಲಿ ಬಿಟ್ಟು ಸಾಲಲ್ಲಿ ಯಾರು ನಿಲ್ಲುತ್ತಾರೆ? ಅಂಥವರಿಗೆ ಡಾಕ್ಟರ ಹತ್ತಿರ ಹೇಳಿ ಮೂರು ತಿಂಗಳ ಮಾತ್ರೆ ಕೊಡಿಸಿದೆ.

ಆ ಹುಡುಗ ಮುಂದಿನ ಜನವರಿಯಲ್ಲಿ ಬಂದ, ಮೈ ಕೈ ತುಂಬಿಕೊಂಡು. ಡಬ್ಬಿ ಮೇಲಿನ ಚೀಟಿಯನ್ನು ಅಲ್ಲೇ ಕೂತು ಉಗುರಿನಿಂದ ಕೆರೆದು ತೆಗೆದ. ಬಾಗಿಲ ತನಕ ಹೋಗಿ ತಿರುಗಿದ.

“ಯಾವ ಗುಳಿಗಿ ಅಂತ ಕೇಳಿದ್ರ ಏನ್ ಹೇಳ್ಲಿ ಅಕ್ಕೋರೆ?”

“ಶಕ್ತಿ ಗುಳಿಗಿ ಅನ್ನು” ಅಂದೆ.