ಏಳು ಚುಕ್ಕೆಯನ್ನು ಎರಡು ಚಿಪ್ಪಿಗೆ ಹಂಚುವುದು ಹೇಗೆ?

ಮಕ್ಕಳ ಕೈಗೆ ಹುಳುವಿನ ಚಿತ್ರ ಕೊಟ್ಟು ‘ಬಣ್ಣ ಹಚ್ಚು’ ಎಂದರೆ ಅರ್ಧ ಗಂಟೆ ಮನೆ ತಣ್ಣಗಿರುತ್ತದೆ, ನಿಜ. ಹುಳುವಿನ ಬಗ್ಗೆ ಮಾತ್ರ ಏನೂ ತಿಳಿಯುವುದಿಲ್ಲ. ಒಮ್ಮೆ ಮಗಳಿಗೆಂದು ಪ್ರಿಂಟ್ ಹಾಕಿಸಿ ತಂದ ಹಾಳೆಯಲ್ಲಿ ದುಂಬಿಗೆ ಎಂಟು ಕಾಲಿದ್ದವು. ಅವಳು ಎಂಟಕ್ಕೂ ಶ್ರದ್ಧೆಯಿಂದ ನೇರಳೆ ಬಳಿದಳು. ಅಂದಿನಿಂದ ಚಿತ್ರವನ್ನು ನಾವೇ ಬರೆದುಕೊಳ್ಳುತ್ತೇವೆ.

ದುಂಬಿ ಎಂದರೆ ಇಲ್ಲಿ ಕವಿಗಳ ದುಂಬಿಯಲ್ಲ. ರೈತರು ಹೇಳುವ, ಬೆನ್ನ ಮೇಲೆ ಗಟ್ಟಿ ಚಿಪ್ಪಿರುವ ಹುಳು. ಹೆಸರಿಟ್ಟವೇ ಸುಮಾರು 4 ಲಕ್ಷ ಬಗೆ ಇವೆ. ನೀವು ಒಂದರಿಂದ ಶುರುಮಾಡಿ: ಗುಲಗಂಜಿ ಹುಳು.

ಮೊದಲು ನೋಡಿ

ಅಲಸಂದೆ ಬಳ್ಳಿಯ ಕುಡಿಗೆ ಕಪ್ಪು ಹೇನು ಮುತ್ತಿದ್ದರೆ ಅಲ್ಲಿ ಹುಡುಕಿ. ಅದನ್ನು ತಿನ್ನಲೆಂದೇ ಗುಲಗಂಜಿ ಹುಳು ಬರುತ್ತದೆ. ಹಿಡಿದು ಹಿಸುಕಬಾರದು. ಹೆದರಿದರೆ ಕಾಲಿನ ಕೀಲಿನಿಂದ ಹಳದಿ ರಸ ಒಸರುತ್ತದೆ, ಬೆರಳಿಗೆ ವಾಸನೆ ಹತ್ತುತ್ತದೆ. ತೋಟವಿಲ್ಲದವರು ಹೆಸರುಕಾಳಿನ ಡಬ್ಬಿ ತೆಗೆಯಿರಿ. ಕುಟ್ಟೆ ಹುಳುವೂ ದುಂಬಿಯೇ. ಕಾಳು ಕೆಟ್ಟದ್ದಕ್ಕೆ ಒಮ್ಮೆಯಾದರೂ ಉಪಯೋಗ ಸಿಗಲಿ.

ಆಮೇಲೆ ಬರೆಯಿರಿ

ಒಂದು ಮೊಟ್ಟೆಯಾಕಾರ, ಮುಂದೆ ಪುಟ್ಟ ತಲೆ, ಎರಡು ಮೀಸೆ. ಬೆನ್ನ ನಡುವೆ ಉದ್ದಕ್ಕೆ ಒಂದು ನೇರ ಗೆರೆ. ಇದನ್ನು ಮಗುವೇ ಎಳೆಯಲಿ. ಎರಡು ಚಿಪ್ಪು ಕೂಡುವ ಜಾಗ ಅದು. ಚಿಪ್ಪು ಅಂದರೆ ಗಟ್ಟಿಯಾದ ಮುಂದಿನ ರೆಕ್ಕೆ. ಹಾರುವ ರೆಕ್ಕೆ ಅದರಡಿ ಮಡಚಿಕೊಂಡಿರುತ್ತದೆ. ಬಟರ್ ಪೇಪರಿನಲ್ಲಿ ಚಿಪ್ಪಿಗಿಂತ ಉದ್ದದ ರೆಕ್ಕೆ ಕತ್ತರಿಸಿ, ಮಡಚಿ ಒಳಗಿಟ್ಟು, ಮೇಲೆ ರಟ್ಟಿನ ಚಿಪ್ಪುಗಳ ಮುಂದಿನ ತುದಿ ಮಾತ್ರ ಅಂಟಿಸಿದರೆ ತೆರೆದು ಮುಚ್ಚಬಹುದು. ಹಾಳೆಯ ಹಿಂಬದಿಗೆ ಹೊಟ್ಟೆ ಕಡೆಯ ಚಿತ್ರ: ಕಾಲು ಆರು, ಆರೂ ಹೊರಡುವುದು ಎದೆಯಿಂದ.

ಈಗ ಬಣ್ಣ

ಏಳು ಚುಕ್ಕೆಯ ಗುಲಗಂಜಿ ಹುಳುವಾದರೆ ‘ಎರಡೂ ಕಡೆ ಸಮ ಇರಲಿ’ ಎಂದಷ್ಟೇ ಹೇಳಿ ಸುಮ್ಮನಿರಿ. ಮೂರು, ಮೂರು ಇಟ್ಟು ಮಗು ಪೆನ್ಸಿಲ್ ಕಚ್ಚುತ್ತದೆ. ಉತ್ತರ ಹೇಳುವ ಆತುರ ಬೇಡ. ಏಳನೆಯದು ತಲೆಯ ಹತ್ತಿರ, ಗೆರೆಯ ಮೇಲೆಯೇ ಕೂತಿರುತ್ತದೆ: ಅರ್ಧ ಈ ಚಿಪ್ಪಿಗೆ, ಅರ್ಧ ಆ ಚಿಪ್ಪಿಗೆ.

ಪಕ್ಕದಲ್ಲೇ ಅದರ ಬದನೆ ಗಿಡದ ನೆಂಟನನ್ನು ಬರೆಯಿರಿ. ಇವನಿಗೆ 28 ಚುಕ್ಕೆ, ಮೈ ಮಂಕು ಕಿತ್ತಳೆ, ಹೊಳಪಿಲ್ಲ. ಎಲೆಯ ಹಸಿರನ್ನು ಕೆರೆದು ತಿಂದು ಜಾಲರಿ ಮಾಡಿಬಿಡುತ್ತಾನೆ. ಚುಕ್ಕೆ ಹೆಚ್ಚಿದ್ದರೆ ವಯಸ್ಸೂ ಹೆಚ್ಚು ಎಂಬ ಮಾತು ಸುಳ್ಳು.

ಕೊನೆಗೆ ನಾಲ್ಕು ಚೌಕ

ಮೊದಲನೆಯದಕ್ಕೆ ಹಳದಿ ಮೊಟ್ಟೆಗಳ ಗುಂಪು. ಎರಡನೆಯದಕ್ಕೆ ಮರಿ, ಅದು ತಾಯಿಯಂತಿರದು, ಉದ್ದನೆಯ ಕರಿ ಮೈ, ಅಲ್ಲಲ್ಲಿ ಕಿತ್ತಳೆ ಕಲೆ, ಪುಟ್ಟ ಮೊಸಳೆಯಂತೆ. ಮೂರನೆಯದಕ್ಕೆ ಎಲೆಗಂಟಿದ ಕೋಶ. ನಾಲ್ಕನೆಯದಕ್ಕೆ ಕೆಂಪು ಕ್ರೆಯಾನ್ ಎತ್ತಿಕೊಂಡ ಮಗುವನ್ನು ತಡೆಯಿರಿ. ಕೋಶದಿಂದ ಆಗಷ್ಟೇ ಹೊರಬಂದ ಹುಳು ತಿಳಿಹಳದಿ, ಒಂದೂ ಚುಕ್ಕೆಯಿಲ್ಲ. ಆದ್ದರಿಂದ ಮೊದಲು ಹಳದಿ ಹಚ್ಚಲಿ. ಊಟ ಮುಗಿಸಿ ಬಂದು ಅದರ ಮೇಲೆ ಕಿತ್ತಳೆ, ಕೆಂಪು, ಆಮೇಲೆ ಚುಕ್ಕೆ. ಹುಳುವೂ ಮೈಗೆ ಬಣ್ಣ ಬರಲು ಹೀಗೇ ಕಾಯುತ್ತದೆ.