ಗಾಳಿಮಳೆಗೆ ಮೊದಲು ಮರದ ಬುಡ ನೋಡಿ

ಮೇ ತಿಂಗಳು ಬಂತೆಂದರೆ ನಮ್ಮ ಉಡುಪಿ, ಮಂಗಳೂರು ಕಡೆ ಎಲ್ಲ ಮನೆಯಲ್ಲೂ ಅವಸರ. ಹಪ್ಪಳ ಒಣಗಬೇಕು, ಮಾಡಿನ ಹಂಚು ಸರಿಮಾಡಿಸಬೇಕು, ಕಟ್ಟಿಗೆ ಒಳಗೆ ಸೇರಬೇಕು. ಅಷ್ಟರಲ್ಲಿ ಒಂದು ಸಂಜೆ ಜೋರು ಗಾಳಿ ಬೀಸುತ್ತದೆ. ಮನೆ ಪಕ್ಕದ ಮಾವಿನ ಮರ ಓಲಾಡುವುದನ್ನು ಕಂಡಾಗ ನೆನಪಾಗುತ್ತದೆ, ಅಯ್ಯೋ, ಗೆಲ್ಲು (ಕೊಂಬೆ) ಕಡಿಸಬೇಕಿತ್ತು! ಆಗ ಮರ ಹತ್ತುವವರಿಗೆ ಫೋನ್ ಮಾಡಿದರೆ, "ಇನ್ನು ಹದಿನೈದು ದಿನ ಬಿಟ್ಟು ನೋಡುವ" ಎಂಬ ಉತ್ತರ ಸಿಗುತ್ತದೆ.

ನಮ್ಮ ಹಿರಿಯರು ಇಂಥ ಕೆಲಸಕ್ಕೆಲ್ಲ ಪತ್ತನಾಜೆಯ ಗಡು ಹೇಳುತ್ತಿದ್ದರು. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಆ ದಿನ ಬರುವುದು ಮೇ 24ರ ಆಸುಪಾಸು. ಈಗ ಆ ಲೆಕ್ಕ ನಂಬುವ ಹಾಗಿಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ಬಂದಾಗ ಪತ್ತನಾಜೆಗೆ ಇನ್ನೂ ಒಂದು ವಾರಕ್ಕಿಂತ ಜಾಸ್ತಿ ಇತ್ತು. ನಮ್ಮ ಪಕ್ಕದ ಮನೆಯ ಮಾವಿನ ಮರ ಬಿದ್ದದ್ದು ಆ ಗಾಳಿಗೆ. ಮರುದಿನ ನೋಡಲು ಹೋಗಿದ್ದೆ. ಎಲ್ಲರೂ ಮುರಿದ ಮಾಡು ನೋಡುತ್ತಿದ್ದರು. ನಾನು ಮೇಲೆದ್ದು ನಿಂತಿದ್ದ ಬೇರು ನೋಡಿದೆ. ಮನೆ ಬದಿಗೆ ತೋಳು ಗಾತ್ರದ ಬೇರುಗಳು ಹರಿದು ಜೋತಾಡುತ್ತಿದ್ದವು. ರಸ್ತೆ ಬದಿಗೆ, ಅಂದರೆ ಪಡುವಣದ ಕಡೆಗೆ, ಬೇರೇ ಇಲ್ಲ. ಗರಗಸದಲ್ಲಿ ಕೊಯ್ದ ಹಾಗೆ ನೇರ ತುಂಡಾದ ಮೋಟುಗಳು. ತುದಿ ಕಪ್ಪಾಗಿ, ಉಗುರು ಊರಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ಕೆಲವು ವರ್ಷ ಹಿಂದೆ ಅಲ್ಲಿ ಕಂಪೌಂಡ್ ಗೋಡೆಗೆ ಪಾಯ ತೆಗೆದಿದ್ದರು. ಕಡಲ ಕಡೆಯಿಂದ ಬರುವ ಗಾಳಿಗೆ ಹಗ್ಗದ ಹಾಗೆ ಎಳೆದು ಹಿಡಿಯಬೇಕಾದ ಬೇರುಗಳೇ ಅವು. ಮರ ಅವತ್ತು ಬಿತ್ತು ಅಷ್ಟೆ, ಅದನ್ನು ಬೀಳಿಸುವ ಕೆಲಸ ಪಾಯ ತೆಗೆದ ದಿನವೇ ಶುರುವಾಗಿತ್ತು.

ಅದಕ್ಕೇ ನನ್ನ ಮಾತು ಇಷ್ಟು. ಮರದ ತಲೆ ನೋಡುವ ಮೊದಲು ಬುಡ ನೋಡಿ. ಅದನ್ನೂ ಫೆಬ್ರವರಿ, ಮಾರ್ಚ್‌ನಲ್ಲೇ ನೋಡಿ.

ಬುಡದ ಸುತ್ತ ಒಂದು ಸುತ್ತು

ಬೆಳಗಿನ ಹೊತ್ತು ಕೈಯಲ್ಲಿ ಒಂದು ಕತ್ತಿ ಹಿಡಿದು ಹೋಗಿ, ಕಡಿಯಲಿಕ್ಕಲ್ಲ. ಮೊದಲು ಬುಡದ ತರಗೆಲೆ ಸರಿಸಿ. ಕಾಂಡಕ್ಕೆ ಅಂಟಿಕೊಂಡು ಮರದಷ್ಟೇ ಗಟ್ಟಿಯಾದ, ತಟ್ಟೆಯಂಥ ಅಣಬೆ ಇದ್ದರೆ ಒಳಗೆ ಕೊಳೆತ ಶುರುವಾಗಿದೆ ಎಂದರ್ಥ. ಕತ್ತಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ. ಗಟ್ಟಿ ಮರದ ಸದ್ದಿಗೂ ಟೊಳ್ಳಿನ ಸದ್ದಿಗೂ ವ್ಯತ್ಯಾಸ ಮಕ್ಕಳಿಗೂ ಗೊತ್ತಾಗುತ್ತದೆ. ಟೊಳ್ಳು ಇದ್ದ ಮಾತ್ರಕ್ಕೆ ಮರ ಕಡಿಯಬೇಕೆಂದಿಲ್ಲ, ಸುತ್ತ ದಪ್ಪಕ್ಕೆ ಗಟ್ಟಿ ಮರ ಉಳಿದಿದ್ದರೆ ಎಷ್ಟೋ ವರ್ಷ ನಿಲ್ಲುತ್ತದೆ. ಬುಡದಲ್ಲಿ ಅಣಬೆ ಕಂಡರೆ, ಅದರಲ್ಲೂ ಜೊತೆಗೆ ಟೊಳ್ಳೂ ಇದ್ದರೆ, ತಿಳಿದವರನ್ನು ಕರೆಸಿ.

ಮರ ವಾಲಿದ್ದರೆ ಹಳೆಯ ವಾಲುವಿಕೆಯೋ ಹೊಸದೋ ನೋಡಿ. ಚಿಕ್ಕಂದಿನಿಂದ ವಾಲಿದ ಮರದ ತುದಿ ಮತ್ತೆ ಆಕಾಶದ ಕಡೆ ತಿರುಗಿರುತ್ತದೆ. ಅದಕ್ಕೆ ಮಂಡೆಬಿಸಿ ಬೇಡ. ಇಡೀ ಮರ ಕೋಲಿನ ಹಾಗೆ ನೆಟ್ಟಗೆ ಓರೆಯಾಗಿ, ವಾಲಿದ್ದಕ್ಕೆ ಎದುರು ಬದಿಯಲ್ಲಿ ಮಣ್ಣು ಬಿರುಕು ಬಿಟ್ಟು ಎದ್ದಿದ್ದರೆ ಅದು ಅಪಾಯ. ಆ ಮರದ ಅಡಿಯಲ್ಲಿ ಕಾರು ಇಡಬೇಡಿ.

ಬೇರಿಗೆ ಜಾಗ ಬಿಡಿ

ನಮ್ಮ ಊರಿನ ಮಣ್ಣಿನ ವಿಷಯ ಇಲ್ಲಿ ಹೇಳಲೇಬೇಕು. ಎಷ್ಟೋ ಕಡೆ ಎರಡು ಮೂರು ಅಡಿ ಅಗೆದರೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಸಿಗುತ್ತದೆ. ಬೇರು ಕೆಳಗೆ ಹೋಗಲಾಗದೆ ಅಡ್ಡಕ್ಕೆ ಹರಡುತ್ತದೆ. ಮುರಕಲ್ಲು ಇಲ್ಲದ ಕಡೆಯೂ ದೊಡ್ಡ ಮರದ ಹೆಚ್ಚಿನ ಬೇರು ಮೇಲಿನ ಒಂದೂವರೆ, ಎರಡು ಅಡಿ ಮಣ್ಣಲ್ಲೇ ಇರುತ್ತದೆ, ಗೆಲ್ಲು ಚಾಚಿದ್ದಕ್ಕಿಂತಲೂ ದೂರ ಹೋಗಿರುತ್ತದೆ. ಹಾಗಾಗಿ ಪೈಪಿಗೆ, ಪಾಯಕ್ಕೆ ಅಂತ ಅಗೆಯುವ ಸಣ್ಣ ಕಣಿಯೂ ಮರಕ್ಕೆ ದೊಡ್ಡ ಪೆಟ್ಟು. ಅಗೆಯಲೇಬೇಕಾದರೆ ಗೆಲ್ಲುಗಳ ನೆರಳಿನಿಂದ ಆಚೆ ಅಗೆಯಿರಿ. ಅದೂ ಆಗದಿದ್ದರೆ ಜೇಸಿಬಿ ಬೇಡ, ಹಾರೆ ಪಿಕ್ಕಾಸಿನಲ್ಲೇ ಬಿಡಿಸಿ ದಪ್ಪ ಬೇರಿನ ಅಡಿಯಿಂದ ಪೈಪ್ ದಾಟಿಸಿ.

ಇಂಟರ್‌ಲಾಕ್ ಹಾಕುವವರು ಕಾಂಡಕ್ಕೆ ತಾಗಿಸಿಯೇ ಕಲ್ಲು ಜೋಡಿಸುತ್ತಾರೆ, ನೋಡಲು ಚಂದ ಅಂತ. ಕಾಂಡದ ಸುತ್ತ ಕನಿಷ್ಠ ನಾಲ್ಕೈದು ಅಡಿ ಬರೀ ಮಣ್ಣು ಬಿಡಿಸಿ, ಜಾಸ್ತಿ ಬಿಟ್ಟಷ್ಟೂ ಒಳ್ಳೆಯದು. ಅಂಗಳ ಎತ್ತರಿಸಲು ಬುಡದ ಮೇಲೆ ಒಂದಡಿ ಮಣ್ಣು ತುಂಬಿಸುವುದೂ, ಕೂರಲು ಕಟ್ಟೆ ಕಟ್ಟಿ ಒಳಗೆ ಮಣ್ಣು ಸುರಿಯುವುದೂ ಅಷ್ಟೇ ಕೆಟ್ಟದ್ದು. ಬೇರಿಗೆ ಉಸಿರಾಡಲು ಗಾಳಿ ಬೇಕು. ಮಣ್ಣಲ್ಲಿ ಹೂತ ತೊಗಟೆ ನಮ್ಮ ಮಳೆಗೆ ಕೊಳೆಯುತ್ತದೆ. ಬುಡದ ಮಣ್ಣಿಗೆ ತರಗೆಲೆ ಹೊದಿಸಿ, ಮೂರು ನಾಲ್ಕು ಇಂಚು ಸಾಕು. ಕಾಂಡದಿಂದ ಒಂದು ಗೇಣು ದೂರವಿರಲಿ. ಗುಡಿಸಿ ಬೆಂಕಿ ಹಾಕುವ ಕೆಲಸವೂ ಉಳಿಯಿತಲ್ವಾ?

ಬೋಳಿಸುವುದು ಬೇಡ

ಈಗ ಗೆಲ್ಲಿನ ವಿಷಯ. ನಮ್ಮ ಹಲಸಿನ ಮರಕ್ಕೆ ಬಂದವರು ಮೇಲೆ ಕೆಳಗೆ ನೋಡಿ ಹೇಳಿದ್ದು, "ಅಕ್ಕಾ, ತಲೆ ಹಾರಿಸಿ ಬೋಳಿಸಿಬಿಡುವ, ಮತ್ತೆ ಐದು ವರ್ಷ ನಿಮಗೆ ತಲೆಬಿಸಿ ಇಲ್ಲ."

"ಬೇಡ ಅಣ್ಣ, ನಾನು ತೋರಿಸಿದ್ದು ಮಾತ್ರ ತೆಗೀರಿ" ಅಂದೆ. ಅವರಿಗೆ ಅಷ್ಟು ಹಿಡಿಸಲಿಲ್ಲ.

ತಲೆ ಹಾರಿಸಿದ ಮರ ಸುಮ್ನೆ ಕೂರುವುದಿಲ್ಲ. ಕಡಿದ ಕಡೆಯಿಂದ ಹತ್ತಾರು ಚಿಗುರು ಒಟ್ಟಿಗೆ ನುಗ್ಗುತ್ತವೆ. ಅವು ತೊಗಟೆಯ ಮೇಲ್ಪದರಕ್ಕೆ ಮಾತ್ರ ಅಂಟಿಕೊಂಡವು. ನಾಲ್ಕೈದು ವರ್ಷದಲ್ಲಿ ತೊಡೆ ದಪ್ಪವಾಗುತ್ತವೆ, ಕೆಳಗೆ ಕಡಿದ ಮೋಟು ಅಷ್ಟರಲ್ಲಿ ಕೊಳೆತಿರುತ್ತದೆ. ಆಮೇಲಿನ ಗಾಳಿಗೆ ಸೀಳಿ ಬೀಳುವುದು ಅವೇ.

ಹಾಗಾದರೆ ಏನು ತೆಗೆಯಬೇಕು? ಒಣಗಿದ ಗೆಲ್ಲು ಮೊದಲು. ಒಂದಕ್ಕೊಂದು ಉಜ್ಜುವವು, ಮಾಡಿನ ಮೇಲೆ ಚಾಚಿದವು ಆಮೇಲೆ. ಮಾವಿನ ಮರದಲ್ಲಿ ಬಂದಳಿಕೆ ಇದ್ದರೆ ಅದು ಹಿಡಿದ ಗೆಲ್ಲನ್ನೇ ತೆಗೆಸಿ, ಬರೀ ಎಲೆ ಕಿತ್ತರೆ ಮತ್ತೆ ಬರುತ್ತದೆ. ಹಕ್ಕಿ ಹಾಕಿದ ಬೀಜದಿಂದ ಕವಲಿನಲ್ಲಿ ಹುಟ್ಟಿದ ಗೋಳಿ (ಆಲ) ಗಿಡವನ್ನು ಬೆರಳು ಗಾತ್ರ ಇರುವಾಗಲೇ ಕಿತ್ತುಬಿಡಿ. ಹಸಿ ಎಲೆಯ ಲೆಕ್ಕದಲ್ಲಿ ಒಂದು ವರ್ಷಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಒಳಗಿನ ಸಣ್ಣ ಗೆಲ್ಲೆಲ್ಲ ಸವರಿ ತುದಿಯಲ್ಲಿ ಮಾತ್ರ ಸೊಪ್ಪು ಬಿಡುವ ಚಾಳಿ ಕೆಲವರಿಗಿದೆ. ಭಾರವೆಲ್ಲ ತುದಿಗೆ ಹೋಗಿ ಗೆಲ್ಲು ಇನ್ನಷ್ಟು ಬೇಗ ಮುರಿಯುತ್ತದೆ.

ದಪ್ಪ ಗೆಲ್ಲಿಗೆ ಗರಗಸವೇ ಬೇಕು, ಮೂರು ಕೊಯ್ತ. ಮೊದಲನೆಯದು ಕಾಂಡದಿಂದ ಒಂದಡಿ ಆಚೆ, ಗೆಲ್ಲಿನ ಅಡಿಯಿಂದ, ದಪ್ಪದ ಮೂರನೇ ಒಂದು ಭಾಗದವರೆಗೆ. ಎರಡನೆಯದು ಅದಕ್ಕಿಂತ ಎರಡು ಇಂಚು ಹೊರಗೆ, ಮೇಲಿನಿಂದ. ಗೆಲ್ಲು ತೊಗಟೆ ಸೀಳದೆ ಬೀಳುತ್ತದೆ. ಉಳಿದ ಮೋಟನ್ನು ಮೂರನೇ ಕೊಯ್ತದಲ್ಲಿ ತೆಗೆಯಬೇಕು. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ದಪ್ಪ ಬಳೆ ತೊಡಿಸಿದ ಹಾಗೆ ಒಂದು ಉಬ್ಬು ಕಾಣುತ್ತದೆ, ಬೆರಳಿಟ್ಟರೆ ಗೊತ್ತಾಗುತ್ತದೆ. ಗರಗಸ ಆ ಬಳೆಯ ಹೊರಗೆ ಹೋಗಬೇಕು, ಬಳೆ ಉಳಿಯಬೇಕು. ಗಾಯ ಮುಚ್ಚುವ ತೊಗಟೆ ಹುಟ್ಟುವುದು ಅಲ್ಲಿಂದಲೇ. ಆಯಿಲ್ ಪೇಂಟ್, ಡಾಂಬರು ಏನೂ ಬಳಿಯಬೇಡಿ, ಅದರಿಂದ ಕೊಳೆಯುವುದು ನಿಲ್ಲುವುದಿಲ್ಲ.

ತೆಂಗಿನ ಲೆಕ್ಕ ಬೇರೆ. ಗಾಳಿಗೆ ಬಾಗಿ ನಿಲ್ಲುವುದು ಅದಕ್ಕೆ ಗೊತ್ತು. ಅಲ್ಲಿ ಅಪಾಯ ಒಣ ಮಡಲು (ಗರಿ), ಕಾಯಿ. ಮಳೆಗೆ ಮೊದಲು ಅವನ್ನು ಇಳಿಸಿ, ಹಸಿ ಮಡಲಿಗೆ ಕೈ ಹಾಕಬೇಡಿ. ಹತ್ತಿದವರ ಹತ್ತಿರ ಸುಳಿ ನೋಡಲು ಹೇಳಿ. ಸುಳಿ ಬಾಡಿ, ಎಳೆದರೆ ನಾರುತ್ತಾ ಕೈಗೆ ಬಂದರೆ ಅದು ಸುಳಿ ಕೊಳೆ ರೋಗ, ತೋಟಗಾರಿಕೆ ಇಲಾಖೆಯವರನ್ನು ಕೂಡಲೇ ಕೇಳಿ.

ಕಾಯಿದೆ ಮತ್ತು ಕರೆಂಟು

ಇಡೀ ಮರ ಕಡಿಯುವುದಾದರೆ, ಅದು ನಿಮ್ಮದೇ ಹಿತ್ತಿಲಲ್ಲಿದ್ದರೂ, 1976ರ ಕರ್ನಾಟಕ ಮರ ಸಂರಕ್ಷಣೆ ಕಾಯಿದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ವಿದ್ಯುತ್ ತಂತಿಗೆ ತಾಗುವ ಗೆಲ್ಲಿಗೆ ಮೆಸ್ಕಾಂನವರನ್ನೇ ಕರೆಯಿರಿ, ಸಂಖ್ಯೆ 1912. ಲೈನ್ ಆಫ್ ಆಗದೆ ಯಾರನ್ನೂ ಹತ್ತಿಸಬೇಡಿ. ಒದ್ದೆ ಗೆಲ್ಲಿನಲ್ಲಿ ಕರೆಂಟು ಹರಿಯುತ್ತದೆ.

ಗಾಳಿ ನಿಂತ ಮೇಲೆ

ಮೊದಲು ತಲೆಯೆತ್ತಿ ನೋಡಿ. ಮುರಿದು ಮೇಲೆಯೇ ಸಿಕ್ಕಿಕೊಂಡ ಗೆಲ್ಲು ಎರಡು ದಿನ ಬಿಟ್ಟು ಬಿಸಿಲಿಗೆ ಸುಮ್ನೆ ಜಾರಿ ಬೀಳುವುದುಂಟು. ಸೀಳಿದ ಕಡೆ ಜೋತ ತೊಗಟೆಯನ್ನು ಹರಿತ ಚೂರಿಯಲ್ಲಿ ಅಂಚಿಗೆ ಸರಿಮಾಡಿ, ಗಟ್ಟಿ ಹಿಡಿದ ತೊಗಟೆ ಎಬ್ಬಿಸಬೇಡಿ. ಎಲೆಯೆಲ್ಲ ಉದುರಿದ ಮರವನ್ನು ಸತ್ತಿತೆಂದು ಕಡಿಸಬೇಡಿ, ಇನ್ನೊಂದು ಮಳೆಗಾಲ ಕಾಯಿರಿ. ಬೇರು ಎದ್ದು ಒರಗಿದ ದೊಡ್ಡ ಮರವನ್ನು ಹಗ್ಗ ಕಟ್ಟಿ ನಿಲ್ಲಿಸುವ ಸಾಹಸ ಮಾತ್ರ ಬೇಡ. ಎಳೆಯ ಗಿಡವಾದರೆ ಸರಿ.

ನಾನು ಮಾಡುವುದು ಇನ್ನೊಂದಿದೆ. ಜಗಲಿಯ ಎರಡನೇ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಹಲಸಿನ ಮರದ ಫೋಟೊ ತೆಗೆಯುತ್ತೇನೆ. ಮಾರ್ಚ್‌ನಲ್ಲಿ ಒಂದು, ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮಳೆ ಬಿಟ್ಟ ದಿನ ಇನ್ನೊಂದು. ಹಿಂದಿನ ವರ್ಷದ್ದರ ಪಕ್ಕ ಇಟ್ಟರೆ ಮರ ಅಲುಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ಸಲ ಅಲುಗಿಲ್ಲ, ಬುಡದಲ್ಲಿ ಆರು ಗುಜ್ಜೆ (ಎಳೆ ಹಲಸು) ಮಾತ್ರ ಹೊಸದು.